ಕಪ್ಪು ತಂತಿ ನಡುವೆ ಬರಬೇಕಿತ್ತು

ಅಣ್ಣನಿಗೆ ಕಣ್ಣು ಕಾಣುವುದಿಲ್ಲ ಎಂದು ನನಗೆ ತಿಳಿದದ್ದು ಒಂದು ಭಾನುವಾರ ಮಧ್ಯಾಹ್ನ, ಶಿರಾದ ಅವನ ರೇಡಿಯೊ ಅಂಗಡಿಯಲ್ಲಿ, ಕಂಪ್ಯೂಟರಿನ ಬೋರ್ಡೊಂದು ಸುಟ್ಟುಹೋದ ಮೇಲೆ.

ಅದು ಎಂಬತ್ತರ ದಶಕದ ಕೊನೆ. ನಾನು ಕೊರಟಗೆರೆಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೆ. ನಮ್ಮದು ಹುಲಿಕುಂಟೆ ಕಡೆಯ ಕುರಿ ಸಾಕುವ ಮನೆ. ಅಪ್ಪ ತೀರಿಕೊಂಡಾಗ ಅಣ್ಣನಿಗೆ ಹದಿನೇಳು, ನನಗೆ ಒಂಬತ್ತು. ಅವನು ಮಂದೆಯನ್ನು ಚಿಕ್ಕಪ್ಪನಿಗೆ ಒಪ್ಪಿಸಿ ಶಿರಾಕ್ಕೆ ಬಂದ. ಅಲ್ಲಿ ವಯಸ್ಸಾದ ಉಸ್ತಾದರೊಬ್ಬರ ಬಳಿ ರೇಡಿಯೊ ರಿಪೇರಿ ಕಲಿತು ಸ್ವಂತ ಅಂಗಡಿ ಇಟ್ಟ. ನನ್ನನ್ನು ಬಿ.ಎಡ್.ವರೆಗೆ ಓದಿಸಿದ್ದು ಆ ಅಂಗಡಿಯೇ. ಅವನು ಮದುವೆಯಾಗಲಿಲ್ಲ. ಕೇಳಿದರೆ, ‘ಆಗಾನ ಬುಡು’ ಎನ್ನುತ್ತಿದ್ದ.

ಟಿ.ವಿ. ಬಂದ ಮೇಲೆ ರೇಡಿಯೊ ತರುವವರು ಕಡಿಮೆಯಾದರು. ಅಣ್ಣ ಒಂದು ತಿಂಗಳು ಬೆಂಗಳೂರಿನಲ್ಲಿ ಪರಿಚಯದವರ ಅಂಗಡಿಯಲ್ಲಿ ಕೂತು ಕಂಪ್ಯೂಟರ್ ಜೋಡಿಸುವುದನ್ನು ಕಲಿತು ಬಂದ. ಬಂದವನು ಹತ್ತು ವರ್ಷ ಚಿಕ್ಕವನಾದಂತೆ ಮಾತಾಡಿದ.

“ಇದ್ರಲ್ಲಿ ಬೆಸುಗೆ ಹಾಕೋದೇ ಇಲ್ಲ ಕಣವ್ವ. ಎಲ್ಲಾ ಸಿಗಿಸೋದು, ಒತ್ತೋದು, ಅಷ್ಟೆಯ. ಬೆರಳು ನೆಟ್ಟಗಿದ್ರೆ ಸಾಕು.”

ಬೆರಳು ಎಂದು ಯಾಕೆ ಹೇಳಿದ ಎಂದು ಆಗ ನಾನು ಯೋಚಿಸಲಿಲ್ಲ.

ಮಧುಗಿರಿಯ ಒಂದು ಖಾಸಗಿ ಕಾಲೇಜಿನ ಪ್ರಿನ್ಸಿಪಾಲರು ಅವನನ್ನು ನಂಬಿದರು. ಒಂದು ಕಂಪ್ಯೂಟರಿನ ಬಿಡಿಭಾಗಗಳನ್ನೆಲ್ಲ ತರಿಸಿ ಅಂಗಡಿಗೆ ಕಳಿಸಿಕೊಟ್ಟರು. ಇದೊಂದು ಸರಿಯಾಗಿ ನಡೆದರೆ ಇನ್ನೂ ಐದು ಜೋಡಿಸುವುದು, ಆಮೇಲೆ ಕಾಲೇಜಿನಲ್ಲೇ ಅವುಗಳನ್ನು ನೋಡಿಕೊಂಡಿರುವುದು ಎಂದು ಮಾತಾಗಿತ್ತು. ಸೋಮವಾರ ಬೆಳಿಗ್ಗೆ ಯಂತ್ರವನ್ನು ಒಪ್ಪಿಸಬೇಕಿತ್ತು. ಜೊತೆಗಿರು ಎಂದು ಅಣ್ಣ ಕರೆದದ್ದಕ್ಕೆ ನಾನು ಶನಿವಾರವೇ ಬಸ್ಸು ಹತ್ತಿ ಬಂದಿದ್ದೆ.

ಭಾನುವಾರ ಬೆಳಿಗ್ಗೆ ಅಣ್ಣ ಸ್ನಾನ ಮಾಡಿ, ಇಸ್ತ್ರಿ ಹಾಕಿದ ಅಂಗಿ ತೊಟ್ಟು ಕೆಲಸಕ್ಕೆ ಕೂತ. ಮೇಜಿನ ಮೇಲೆ ಬೆಡ್‌ಶೀಟ್ ಹಾಸಿ, ಅದರ ಮೇಲೆ ಹಸಿರು ಮದರ್‌ಬೋರ್ಡ್ ಇಟ್ಟ. ಪಕ್ಕದಲ್ಲಿ ಪವರ್ ಸಪ್ಲೈ ಡಬ್ಬ. ಅದರಿಂದ ಹೊರಬಂದ ತಂತಿಗಳಲ್ಲಿ ಎರಡು ಗೊಂಚಲು ಬೋರ್ಡಿಗೆ ಸೇರಬೇಕಾದವು. ಒಂದೊಂದರಲ್ಲೂ ಆರು ತಂತಿ, ತುದಿಯಲ್ಲಿ ಒಂದೇ ಥರದ ಬಿಳಿ ಪ್ಲಗ್ಗು. ಬೋರ್ಡಿನಲ್ಲಿ ಎರಡೂ ಅಕ್ಕಪಕ್ಕ ಕೂರಬೇಕು.

“ಎರಡೂ ಪ್ಲಗ್ಗಿನ ಕಪ್ಪು ತಂತಿ ನಡೂಮಧ್ಯೆ ಒಂದ್ರ ಪಕ್ಕ ಒಂದು ಬರಬೇಕು,” ಎಂದು ಹಿಂದಿನ ದಿನವೇ ಪಾಠದಂತೆ ಹೇಳಿದ್ದ. “ಅದಲು ಬದಲಾದ್ರೂ ಕೂತ್ಕಂತವೆ. ಆದ್ರೆ ಬೋರ್ಡು ಸತ್ತೋಯ್ತದೆ.”

ಬೆಳಿಗ್ಗೆ ಒಂದು ಸ್ಕ್ರೂವನ್ನು ಬೇರೆ ತೂತಿಗೆ ಹಾಕುತ್ತಿದ್ದಾಗ ನಾನು, “ಅಣ್ಣ, ಅದಲ್ಲ, ಪಕ್ಕದ್ದು” ಎಂದಿದ್ದೆ. ಅವನು ಕೈ ನಿಲ್ಲಿಸಿ, “ಇಲ್ಲಿ ಮೇಷ್ಟ್ರು ಯಾರು, ನೀನೋ ನಾನೋ?” ಎಂದ. ಜೀವನದಲ್ಲಿ ನನ್ನ ಮೇಲೆ ಅಷ್ಟು ಸಿಡುಕಿದವನಲ್ಲ. ಆಮೇಲೆ ನಾನು ಬಾಯಿ ಬಿಡಲಿಲ್ಲ.

ಹಾಗಾಗಿ ಪ್ಲಗ್ಗು ಸಿಗಿಸುವಾಗಲೂ ಸುಮ್ಮನಿದ್ದೆ. ಅವನು ಒಂದನ್ನು ಬೆರಳಲ್ಲಿ ಸವರಿ ನೋಡಿ ಒತ್ತಿದ. ಇನ್ನೊಂದನ್ನೂ ಸವರಿ ಒತ್ತಿದ. ಎರಡೂ ಕಟಕ್ಕೆಂದು ಕೂತವು. ಕಪ್ಪು ತಂತಿಗಳು ನಡುವೆ ಇರಲಿಲ್ಲ. ಈ ತುದಿಗೆ ಎರಡು, ಆ ತುದಿಗೆ ಎರಡು. ನಡುವೆ ಕೆಂಪು, ಕಿತ್ತಳೆ ಬಣ್ಣದವಿದ್ದವು.

ನಾನು ಅದನ್ನು ನೋಡಿದೆ. ಕಣ್ಣಾರೆ ನೋಡಿದೆ. ಈ ಬೋರ್ಡಿನ ರೀತಿಯೇ ಬೇರೆ ಇರಬಹುದೇನೋ, ಅವನಿಗೆ ಗೊತ್ತಿಲ್ಲದ್ದು ನನಗೇನು ಗೊತ್ತು ಎಂದುಕೊಂಡೆ. ಉಸಿರು ಹಿಡಿದು ನಿಂತೆ. ಅಣ್ಣ ಸ್ವಿಚ್ಚಿನ ಮೇಲೆ ಬೆರಳಿಟ್ಟು ಒಂದು ಕ್ಷಣ ತಡೆದ. ಆಮೇಲೆ ಹಾಕಿದ.

ಪವರ್ ಸಪ್ಲೈ ಡಬ್ಬದೊಳಗಿನ ಫ್ಯಾನು ಒಮ್ಮೆ ಅಲುಗಾಡಿ ನಿಂತಿತು. ಟಪ್ಪೆಂದು ಸಣ್ಣ ಸದ್ದು. ಬೋರ್ಡಿನ ಮೂಲೆಯಿಂದ ಹೊಗೆಯೆದ್ದು ಸುಟ್ಟ ವಾಸನೆ ಅಂಗಡಿ ತುಂಬಿತು. ಅಣ್ಣ ಸ್ವಿಚ್ಚು ಆರಿಸಿ ವೈರನ್ನೇ ಗೋಡೆಯಿಂದ ಕಿತ್ತ.

“ಕಪ್ಪು ತಂತಿ ಎಲ್ಲಿ ಅವೆ ನೋಡು,” ಎಂದ.

“ಎರಡು ತುದೀಲಿವೆ ಅಣ್ಣ.”

ಅವನು ಸ್ಟೂಲಿನ ಮೇಲೆ ಕೂತ. ಅವನ ಮುಖ ನನ್ನ ಕಡೆಗಿತ್ತು, ಕಣ್ಣು ಮಾತ್ರ ನನ್ನ ಭುಜದ ಆಚೆ ಎಲ್ಲೋ ಇತ್ತು.

“ನಂಗೆ ಬಣ್ಣ ಕಾಣಲ್ಲ ಕಣವ್ವ. ಮೊದ್ಲು ಬಣ್ಣ ಹೋಯ್ತು. ಈಗ ನಿನ್ ಮುಖವೂ ಮಸುಕು ಮಸುಕು. ಸಕ್ಕರೆ ಕಾಯ್ಲೆ ಅಂದ್ರು ಡಾಕ್ಟ್ರು.”

“ಯಾವಾಗಿಂದ?”

“ಉಗಾದಿಗೂ ಮೊದ್ಲಿಂದ.”

ಆಗ ದಸರಾ ಕಳೆದಿತ್ತು. ಅಷ್ಟು ದಿನ ಅವನು ಬಂದ ಗಿರಾಕಿಗಳಿಗೆ, “ಈ ತಂತಿ ಯಾವ ಬಣ್ಣ, ಹೇಳಿ ನೋಡಾನ” ಎಂದು ತಮಾಷೆಯಂತೆ ಕೇಳಿ ಕೇಳಿ ಕೆಲಸ ಮಾಡಿದ್ದ. ಬೆಸುಗೆ ಹಾಕಲು ಹೋಗಿ ಸುಟ್ಟುಕೊಂಡ ಬೆರಳಿನ ಗುರುತುಗಳನ್ನು ನಾನು ಅವತ್ತೇ ಸರಿಯಾಗಿ ನೋಡಿದ್ದು.

ಸಂಜೆವರೆಗೆ ನಾವಿಬ್ಬರೂ ಆ ಬೋರ್ಡಿನೊಂದಿಗೆ ಹೆಣಗಿದೆವು. ಪ್ಲಗ್ಗುಗಳನ್ನು ಕಿತ್ತು, ಕಪ್ಪು ನಡುವೆ ಬರುವಂತೆ ನಾನೇ ಸಿಗಿಸಿದೆ. ಫ್ಯಾನು ತಿರುಗಿತು, ಪರದೆ ಮಾತ್ರ ಕಪ್ಪಾಗೇ ಉಳಿಯಿತು. ಎಲ್ಲ ಸರಿಯಿದ್ದರೆ ಬೀಪ್ ಎಂದು ಒಂದು ಸದ್ದು ಬರಬೇಕು ಎಂದ ಅಣ್ಣ. ಬರಲಿಲ್ಲ. ಬೋರ್ಡಿಗೆ ಸಿಗಿಸಿದ್ದ ಸಣ್ಣ ಕಾರ್ಡುಗಳನ್ನು ತೆಗೆದು, ಅವುಗಳ ಅಂಚನ್ನು ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದೆವು. ಮತ್ತೆ ಸ್ವಿಚ್ಚು. ಅವನು ಕಿವಿಯನ್ನು ಬೋರ್ಡಿಗೆ ಹತ್ತಿರ ಹಿಡಿದು ಕಾಯುತ್ತಿದ್ದ. “ಇನ್ನೊಂದ್ಸಲ,” ಎನ್ನುತ್ತಿದ್ದ. ಹೀಗೆ ಎಷ್ಟು ಸಲ ಎಂದು ಲೆಕ್ಕವಿಲ್ಲ. ಕೊನೆಗೆ ನಾನು, “ಸಾಕು ಬಿಡಣ್ಣ” ಎಂದೆ. ಅವನು ನೆಲದ ಮೇಲೆ ಗೋಡೆಗೊರಗಿ ಕೂತು, “ಕುರಿ ಕಾಯಾಕೂ ಕಣ್ಣು ಬೇಕು” ಎಂದ. ಅಪ್ಪ ಸತ್ತ ದಿನವೂ ಅವನು ಹೀಗೆ ಕುಸಿದು ಕೂತಿರಲಿಲ್ಲ.

“ಕರೆಂಟು ಜಾಸ್ತಿ ಬಂದು ಸುಟ್ಟೋಯ್ತು ಅಂತ ಹೇಳಾಣ,” ಎಂದೆ. ಅವನು ಎದ್ದು ತಡಕಾಡಿ ಪ್ಲಗ್ಗುಗಳನ್ನು ಒಂದೊಂದಾಗಿ ಕಿತ್ತ.

ಬೆಳಿಗ್ಗೆ ಬೋರ್ಡನ್ನು ಡಬ್ಬದಲ್ಲಿಟ್ಟುಕೊಂಡು ಮಧುಗಿರಿಗೆ ಹೋದೆವು. ಪ್ರಿನ್ಸಿಪಾಲರ ಎದುರು ನಾನು ಕರೆಂಟಿನ ಮಾತು ತೆಗೆದೆ. ಅವರು, “ನಮ್ಮಲ್ಲೂ ಅದೇ ಕಥೆ, ಮೊನ್ನೆ ಟ್ಯೂಬ್‌ಲೈಟುಗಳೆಲ್ಲ ಹೋದವು” ಎಂದು ನಂಬಿಯೂ ಬಿಟ್ಟರು. ನನಗೆ ಹೋದ ಜೀವ ಬಂದಂತಾಯಿತು.

ಅಷ್ಟರಲ್ಲಿ ಅಣ್ಣ, “ಅಂಗಲ್ಲ ಸಾರ್” ಎಂದ. “ನಾನು ಪ್ಲಗ್ಗು ಅದಲು ಬದಲು ಹಾಕ್ಬುಟ್ಟೆ. ನಂಗೆ ಕಣ್ಣು ಕಾಣಲ್ಲ. ಮುಚ್ಚಿಟ್ಟಿದ್ದು ನನ್ ತಪ್ಪು.”

ಪ್ರಿನ್ಸಿಪಾಲರು ನನ್ನನ್ನು ನೋಡಿದರು. ನಾನು ಡಬ್ಬವನ್ನು ನೋಡುತ್ತಿದ್ದೆ. ಪ್ಲಗ್ಗು ತಪ್ಪಾದದ್ದನ್ನು ನಾನೂ ನೋಡಿ ಸುಮ್ಮನಿದ್ದೆ ಎಂದು ಅಲ್ಲಿ ಹೇಳಬೇಕಿತ್ತು. ಹೇಳಲಿಲ್ಲ.

ಪ್ರಿನ್ಸಿಪಾಲರು, “ಇನ್ನೊಂದು ಬೋರ್ಡು ತರಿಸಿದರೆ ಯಾರು ಜೋಡಿಸ್ತಾರೆ?” ಎಂದು ಕೇಳಿದರು.

“ನನ್ ತಂಗಿ. ನಾನು ಪಕ್ಕದಲ್ಲಿ ಕೂತು ಹೇಳಿಕೊಡ್ತೀನಿ.”

ಹೊಸ ಬೋರ್ಡು ಬರುವ ಹೊತ್ತಿಗೆ ಶಿವರಾತ್ರಿ ಹತ್ತಿರವಾಗಿತ್ತು. ಕಾಲೇಜಿನ ಲ್ಯಾಬಿನಲ್ಲೇ, ಪ್ರಿನ್ಸಿಪಾಲರ ಎದುರಿನಲ್ಲೇ ಜೋಡಿಸಿದೆ. ಪ್ಲಗ್ಗು ಒತ್ತುವ ಮೊದಲು ಒಂದೊಂದು ತಂತಿಯ ಬಣ್ಣವನ್ನೂ ಗಟ್ಟಿಯಾಗಿ ಹೇಳಿದೆ. ಅಣ್ಣ ಒಂದೊಂದಕ್ಕೂ ತಲೆಯಾಡಿಸಿದ. ಸ್ವಿಚ್ಚು ಹಾಕಿದಾಗ ಬೀಪ್ ಎಂದಿತು, ಪರದೆಯ ಮೇಲೆ ಬಿಳಿ ಅಕ್ಷರಗಳು ಬಂದವು. ಪ್ರಿನ್ಸಿಪಾಲರು ನನ್ನ ಕೈ ಕುಲುಕಿದರು, ಅಣ್ಣನದನ್ನಲ್ಲ. ಉಳಿದ ಐದನ್ನು ಬೆಂಗಳೂರಿನವರಿಗೇ ವಹಿಸುವುದಾಗಿ ಹೇಳಿದರು.

ಶಿರಾದ ಬಸ್ಸಿಗಾಗಿ ಕಾಯುತ್ತಿದ್ದಾಗ ನನಗೆ ತಡೆಯಲಾಗಲಿಲ್ಲ. ಅವತ್ತು ಕಪ್ಪು ತಂತಿ ತುದಿಯಲ್ಲಿದ್ದದ್ದನ್ನು ಮೊದಲೇ ನೋಡಿದ್ದೆ ಎಂದು ಹೇಳಿಬಿಟ್ಟೆ.

“ಗೊತ್ತು,” ಎಂದ ಅಣ್ಣ. “ನಿನ್ ಉಸ್ರು ನಿಂತೋಗಿತ್ತು. ಏನೋ ತಪ್ಪಾಗೈತೆ ಅಂತ ಆಗ್ಲೇ ಅನ್ಕಂಡೆ.”

“ಮತ್ತೆ ಯಾಕೆ ಸ್ವಿಚ್ ಹಾಕ್ದೆ?”

“ಕೇಳಿದ್ರೆ ಕಣ್ಣಿನ ಇಚಾರ ಹೇಳಬೇಕಾಗ್ತಿತ್ತಲ್ಲ.”

ಬಸ್ಸು ಬಂತು. ಹತ್ತುವಾಗ ಅವನು ಮೊದಲ ಸಲ ತಾನಾಗಿಯೇ ನನ್ನ ತೋಳು ಹಿಡಿದ.

ಅದೇ ಬೇಸಿಗೆಯಲ್ಲಿ ಅಂಗಡಿ ಖಾಲಿ ಮಾಡಿದೆವು. ಕೊರಟಗೆರೆಯ ನನ್ನ ಬಾಡಿಗೆ ಮನೆಗೆ ಅವನನ್ನು ಕರೆತಂದೆ. ಕೆಲವು ತಿಂಗಳು ಅವನು ಬಾಗಿಲ ಬಳಿ ಕೂತು ದಿನ ಕಳೆದ. ಆಮೇಲೆ ಪೇಟೆಯಲ್ಲಿ ಪಂಪ್‌ಸೆಟ್ಟಿನ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತುವವರೊಬ್ಬರು ಅವನನ್ನು ಕರೆದುಕೊಂಡರು. ಸುತ್ತು ಎಣಿಸಿ ಸುತ್ತುವ ಕೆಲಸ. ಒಂದೇ ಬಣ್ಣದ ತಂತಿ. ಅದನ್ನು ಅವನು ಇಷ್ಟಪಟ್ಟನೋ ಇಲ್ಲವೋ ನನಗೆ ತಿಳಿಯದು. ಬೆಳಿಗ್ಗೆ ಎಂಟಕ್ಕೆ ನಾನು ಅವನನ್ನು ಅಲ್ಲಿ ಬಿಟ್ಟು ಶಾಲೆಗೆ ಹೋಗುತ್ತಿದ್ದೆ.