ಹತ್ತು ಕೋಳಿಮರಿ, ಒಂದೇ ಪಂಕ್ತಿ

ಬನಹಟ್ಟಿಯ ನಮ್ಮ ಮನೆಯಲ್ಲಿ ತತ್ತಿ ಮುಟ್ಟುವವರಿಲ್ಲ. ಆದರೂ ಮಗ್ಗ ಮಾರಿದ ಮೇಲೆ ನನಗೆ ಕೋಳಿ ಸಾಕುವ ಹುಚ್ಚು ಹಿಡಿಯಿತು. ಖಾಲಿಯಾದ ಮಗ್ಗದ ಕೋಣೆಯನ್ನು ಕೋಳಿಮನೆ ಮಾಡಬೇಕೆಂಬುದು ನನ್ನ ಆಸೆ. ಅಲ್ಲಿ ಹೊಲಿಗೆ ಮಷಿನ್ ಇಡಬೇಕೆಂಬುದು ಹೆಂಡತಿಯ ಆಸೆ. ಹಿಂದಿನ ವರ್ಷ ತಂದ ಮರಿಗಳೆಲ್ಲ ಕೊಕ್ಕರೆ ರೋಗಕ್ಕೆ ಹೋಗಿದ್ದವು, ಹಾಗಾಗಿ ನನ್ನ ಮಾತಿಗೆ ಬೆಲೆಯೂ ಇರಲಿಲ್ಲ.

ಈ ಸಲ ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ಪಂಡಿತನಾಗಿದ್ದೆ. ಬೆಳ್ಳುಳ್ಳಿ, ಅರಿಶಿನ, ಅಜವಾನ, ಒಣಗಿಸಿದ ನುಗ್ಗೆಸೊಪ್ಪು ಕುಟ್ಟಿ ಗೋವಿನಜೋಳದ ನುಚ್ಚಿಗೆ ಬೆರೆಸಿ ಹಾಕಿದರೆ ಮರಿಗಳು ದಷ್ಟಪುಷ್ಟವಾಗುತ್ತವೆ, ರೋಗ ಹತ್ತಿರ ಸುಳಿಯುವುದಿಲ್ಲ ಎಂದು ಹೆಂಡತಿಗೆ ಉಪನ್ಯಾಸ ಕೊಟ್ಟೆ.

“ಬರೇ ಬಾಯಿಲೆ ಹೇಳಬ್ಯಾಡ್ರಿ, ತೂಗಿ ತೋರಸ್ರಿ,” ಎಂದಳು. “ಫರಕ ಕಂಡ್ರ ಖೋಲಿ ನಿಮ್ಮದು. ಕಾಣಲಿಲ್ಲಂದ್ರ ನಂದು.”

ಹತ್ತು ಮರಿ ತಂದು ಎಲ್ಲಕ್ಕೂ ಲಸಿಕೆ ಹಾಕಿಸಿದೆ. ಐದರ ಕಾಲಿಗೆ ಕೆಂಪು ನೂಲು, ಐದರ ಕಾಲಿಗೆ ಬಿಳಿ ನೂಲು ಕಟ್ಟಿದೆ. ಹಿತ್ತಲಲ್ಲಿ ನಡುವೆ ಜಾಳಿಗೆ ಹಾಕಿ ಎರಡು ಭಾಗ ಮಾಡಿದೆ. ಕೆಂಪಿನವಕ್ಕೆ ಮದ್ದಿನ ನುಚ್ಚು, ಬಿಳಿಯವಕ್ಕೆ ಬರೀ ನುಚ್ಚು. ಎಂಬತ್ತು ದಾಟಿದ ಅವ್ವ ಕಟ್ಟೆಯ ಮೇಲೆ ಕುಳಿತು ಎಲ್ಲ ನೋಡುತ್ತಿದ್ದಳು.

“ಒಂದ ಹಿತ್ತಲದಾಗ ಇದೆಂಥಾ ಪಂಕ್ತಿಭೇದೋ ತಮ್ಮಾ?”

“ಇದು ಪರೀಕ್ಷಾ ಬೇ. ನೀ ಸುಮ್ಮಕಿರು.”

ಅವ್ವ ಸುಮ್ಮನಾದಳು. ಅಷ್ಟು ಸುಲಭವಾಗಿ ಸುಮ್ಮನಾದಾಗಲೇ ನನಗೆ ಸಂಶಯ ಬರಬೇಕಿತ್ತು.

ಎರಡು ತಿಂಗಳಾಯಿತು. ಹತ್ತಕ್ಕೆ ಹತ್ತೂ ಬದುಕಿದ್ದವು, ಒಂದೂ ಸೀನಲಿಲ್ಲ. ನೂಲು ತೂಗುವ ತಕ್ಕಡಿ ತಂದು ಒಂದು ಕಡೆ ಕೆಂಪಿನವನ್ನು, ಇನ್ನೊಂದು ಕಡೆ ಬಿಳಿಯವನ್ನು ಬುಟ್ಟಿಯಲ್ಲಿಟ್ಟು ಎತ್ತಿದೆ. ಮುಳ್ಳು ನಟ್ಟನಡುವೆ ನಿಂತುಬಿಟ್ಟಿತು. ಹೆಂಡತಿ ಆಗಲೇ ಕೋಣೆಯ ಬಾಗಿಲಲ್ಲಿ ನಿಂತು ಮಷಿನ್ ಇಡುವ ಜಾಗವನ್ನು ಕಣ್ಣಿನಿಂದ ಅಳೆಯುತ್ತಿದ್ದಳು. ನನಗೆ ಅಳು ಬರುವುದೊಂದು ಬಾಕಿ. ಆಗ ಬಿಳಿಯವುಗಳ ತಾಟಿನ ತಳದಲ್ಲಿ ಅರಿಶಿನದ ಗೆರೆ ಕಂಡಿತು. ಮೂಸಿ ನೋಡಿದರೆ ಬೆಳ್ಳುಳ್ಳಿ.

“ಇವಕ್ಕೂ ನೀ ಹಾಕೀಯೇನ ಬೇ?”

“ಹೂಂ, ದಿನಾ ಹಾಕೇನಿ,” ಎಂದಳು ಅವ್ವ, ಒಂದಿಷ್ಟೂ ಅಳುಕದೆ. “ಜಾಳಿಗ್ಯಾಗಿಂದ ಅತ್ಲಾಗಿನ ತಾಟ ನೋಡ್ಕೋಂತ ನಿಂದರತಿದ್ದುವು. ನೀ ಸಣ್ಣಾಂವ ಇದ್ದಾಗ ನಿನ್ನ ರೊಟ್ಟಿ ಕೆಳಗ ತುಪ್ಪಾ ಮುಚ್ಚಿ ಹಾಕತಿದ್ನಿ. ನಿನ್ನ ತಂಗಿ ಬಾಜೂಕ ಕುಂತು ಬರೇ ರೊಟ್ಟಿ ತಿಂತಿತ್ತು. ಆ ಪಾಪ ಇನ್ನೊಮ್ಮಿ ನನ್ನ ಕೈಲೆ ಆಗಾಂಗಿಲ್ಲ.”

ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ತೇರದಾಳಕ್ಕೆ ಕೊಟ್ಟಿರುವ ನನ್ನ ತಂಗಿ ಗೊಬ್ಬರದ ಚೀಲವನ್ನು ಒಬ್ಬಳೇ ಹೊರುತ್ತಾಳೆ. ನನಗೆ ಬೇಸಿಗೆಯಲ್ಲೂ ನೆಗಡಿ.

“ತುಪ್ಪಾ ತಿಂದವರಿಗೂ ತಿನ್ನದವರಿಗೂ ಫರಕ ಏನ ಕಾಣವಲ್ದು,” ಎಂದಳು ಹೆಂಡತಿ. “ಖೋಲಿ ನಂದು.”

ಮೂರನೆಯ ದಿನಕ್ಕೆ ಮಷಿನ್ ಬಂತು. ಸೋತದ್ದಕ್ಕೆ ನನಗೆ ಬೇಜಾರಿರಲಿಲ್ಲ. ತುಪ್ಪದ ಮಾತಿಗೆ ಮಾತ್ರ ನಾಚಿಕೆಯಾಗಿತ್ತು. ತಂಗಿಗೆ ಫೋನು ಮಾಡಿ, ಅವ್ವ ಹೇಳಿದ್ದನ್ನು ತಡವರಿಸುತ್ತ ಒಪ್ಪಿಸಿದೆ. ಅವಳು ನಕ್ಕಳು.

“ನಂಗ ಅವಾಗ ಗೊತ್ತಿತ್ತು ಬಿಡಣ್ಣಾ. ರೊಟ್ಟಿ ಮುಚ್ಚಿದ್ರ ತುಪ್ಪದ ವಾಸನಿ ಎಲ್ಲಿ ಹೋಗತೈತಿ?”