ಕತ್ತಲಲ್ಲಿಟ್ಟ ಬಟಾಣಿ

ನನ್ನದು ಹುಟ್ಟಾ ಅನುಮಾನದ ಬುದ್ಧಿ. ಸಿರುಗುಪ್ಪದ ನಮ್ಮ ಮನೆಯಲ್ಲಿ ಅಜ್ಜಿ ಹಾಲಿನವಳ ಎದುರಿಗೇ ಹಾಲಿಗೆ ಬೆರಳದ್ದಿ ನೀರೆಷ್ಟು ಬೆರೆಸಿದ್ದಾಳೆಂದು ನೋಡುತ್ತಿದ್ದಳು. ನಾನು ಅವಳ ಮೊಮ್ಮಗಳು. ಎಂಬತ್ತರ ದಶಕದ ಮೊದಲಲ್ಲಿ ಬಳ್ಳಾರಿಯ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತ ಪಿಎಚ್‌ಡಿಗೆ ಸೇರಿದಾಗ ಸಿಕ್ಕ ವಿಷಯವೂ ನನ್ನ ಸ್ವಭಾವಕ್ಕೆ ಹೇಳಿ ಮಾಡಿಸಿದಂತಿತ್ತು.

ಎಲೆಯ ಹಸಿರು ಇರುವುದು ಕ್ಲೋರೋಪ್ಲಾಸ್ಟ್ ಎಂಬ ಸಣ್ಣ ಕಣಗಳಲ್ಲಿ. ಅದಕ್ಕೆ ಬೇಕಾದ ಪ್ರೋಟೀನುಗಳಲ್ಲಿ ಬಹುಪಾಲು ಹೊರಗೆ, ಜೀವಕೋಶದ ದ್ರವದಲ್ಲಿ ತಯಾರಾಗಿ ಬರುತ್ತವೆ. ಬರುವ ಪ್ರೋಟೀನಿನ ತುದಿಗೆ ಒಂದು ಹೆಚ್ಚಿನ ತುಂಡು ಇರುತ್ತದೆ. ಆ ಗುರುತು ಸಿಕ್ಕರೇನೇ ಕ್ಲೋರೋಪ್ಲಾಸ್ಟಿನ ಎರಡು ಪದರದ ಹೊದಿಕೆ ದಾರಿ ಬಿಡುವುದು. ಒಳಗೆ ಹೋದ ಮೇಲೆ ತುಂಡನ್ನು ಕತ್ತರಿಸಿ ಹಾಕಲಾಗುತ್ತದೆ. ಉಳಿದದ್ದು ಮಡಚಿಕೊಂಡು ಕೆಲಸಕ್ಕೆ ಹತ್ತುತ್ತದೆ. ಇದನ್ನು ಪರೀಕ್ಷಿಸುವವರು ಯಾವ ಪ್ರೋಟೀನನ್ನೂ ನಂಬುವುದಿಲ್ಲ. ಹೊರಗೆ ಅಂಟಿಕೊಂಡದ್ದನ್ನೆಲ್ಲ ಮೊದಲು ಕರಗಿಸಿ, ಆಮೇಲೂ ಉಳಿದದ್ದನ್ನು ಮಾತ್ರ ಒಳಗೆ ಹೋದದ್ದು ಎನ್ನುತ್ತಾರೆ. ಓದಿ ನನಗೆ ಬಹಳ ಖುಷಿಯಾಗಿತ್ತು.

ಆ ಪರೀಕ್ಷೆಯ ಸಾಮಾನು ಬಳ್ಳಾರಿಯಲ್ಲಿ ಎಲ್ಲಿಂದ ಬರಬೇಕು? ಹೊದಿಕೆ ಒಡೆಯದ ಕ್ಲೋರೋಪ್ಲಾಸ್ಟ್ ತೆಗೆಯುವುದನ್ನು ಮೊದಲು ಕಲಿ, ಆಮೇಲೆ ಇಲ್ಲಿಗೆ ಬಾ ಎಂದಿದ್ದರು ಧಾರವಾಡದ ನನ್ನ ಗೈಡು. ಚಳಿಗಾಲದಲ್ಲಿ ಟ್ರೇಗಳಲ್ಲಿ ಬಟಾಣಿ ಬೆಳೆಸಿದೆ. ಐಸ್ ಫ್ಯಾಕ್ಟರಿಯ ಗಡ್ಡೆ ತರಿಸಿ, ಸಕ್ಕರೆ ನೀರಿನಲ್ಲಿ ಎಲೆ ಅರೆದು, ತೆಳು ಮಲ್ಲು ಬಟ್ಟೆಯಲ್ಲಿ ಸೋಸಿ, ಯಂತ್ರದಲ್ಲಿ ಗಿರಗಿರ ತಿರುಗಿಸಿದೆ. ಹೊದಿಕೆ ಒಡೆದಿದೆಯೋ ಇಲ್ಲವೋ ಎಂದು ತಿಳಿಯಲು ಒಂದು ಹಳದಿ ದ್ರಾವಣವಿತ್ತು. ಬೆಳಕಿನಲ್ಲಿಟ್ಟಾಗ ಅದರ ಬಣ್ಣ ಇಳಿದರೆ ಒಡೆದಿದೆ ಎಂದರ್ಥ. ಪ್ರತಿ ಸಲವೂ ಇಳಿಯುತ್ತಿತ್ತು.

ಬಿಸಿಲು ಕಂಡ ಎಲೆಯ ಕ್ಲೋರೋಪ್ಲಾಸ್ಟಿನೊಳಗೆ ಪಿಷ್ಟದ ಕಾಳು ಕಟ್ಟುತ್ತದೆ. ಯಂತ್ರ ತಿರುಗಿದಾಗ ಅದೇ ಒಳಗಿನಿಂದ ಹೊದಿಕೆಯನ್ನು ಹರಿಯುತ್ತದೆ. ಅದಕ್ಕೇ ಹಿಂದಿನ ಸಂಜೆ ಟ್ರೇಗಳ ಮೇಲೆ ಕಪ್ಪು ಬಟ್ಟೆ ಹೊದಿಸಿ ಮನೆಗೆ ಹೋಗುತ್ತಿದ್ದೆ, ಮರುದಿನ ಹನ್ನೊಂದಕ್ಕೆ ಬಂದು ತೆಗೆಯುತ್ತಿದ್ದೆ. ಇಷ್ಟು ಜೋಪಾನ ಮಾಡಿದರೂ ಒಡೆಯುತ್ತದೆಂದರೆ ಯಾರೋ ಕೈಯಾಡಿಸುತ್ತಿದ್ದಾರೆ ಎಂದು ನನಗೆ ಖಾತ್ರಿಯಾಯಿತು. ಯಾರೋ ಏನು, ಲ್ಯಾಬಿನ ಬೀಗದ ಕೈ ಇದ್ದದ್ದು ಒಬ್ಬನ ಹತ್ತಿರ.

ಅವನು ನಮ್ಮ ಅಟೆಂಡರ್, ಬಾದನಹಟ್ಟಿಯವನು, ನಲವತ್ತು ದಾಟಿದವನು. ಏಳು ವರ್ಷ ಹಂಗಾಮಿಯಾಗಿ ದುಡಿದಿದ್ದ. ಆ ವರ್ಷ ಕಾಯಂ ಆಗಬೇಕಿತ್ತು, ಅದಕ್ಕೆ ವಿಭಾಗದ ಹಿರಿಯಳಾದ ನನ್ನ ಪತ್ರ ಬೇಕಿತ್ತು. ನಾನೋ, ಸಕ್ಕರೆ ಬಾಟಲಿಗೆ ಮಸಿಯ ಗೆರೆ ಎಳೆದಿಟ್ಟೆ, ಅವನ ಚಹಾಕ್ಕೆ ಹೋಗುತ್ತಿದೆಯೇನೋ ಎಂದು. ಐಸಿಗೆ ಉಪ್ಪು ಸೋಕಿದೆಯೇ ಎಂದು ನೆಕ್ಕಿ ನೋಡಿದೆ. ಒಂದು ದಿನ ಟ್ರೇ ಜರುಗಿದ್ದು ಕಂಡಿತು. ನೇರವಾಗಿ ಕೇಳಿದರೆ ಕಳ್ಳ ಎಚ್ಚರಾಗುತ್ತಾನೆಂದು ಕೇಳಲಿಲ್ಲ. "ನಂಬಿಕೆಗೆ ತಕ್ಕವನಲ್ಲ, ಪ್ರಯೋಗದ ವಸ್ತು ಕೆಡಿಸುತ್ತಾನೆ" ಎಂದು ಪತ್ರ ಬರೆದು ಪ್ರಿನ್ಸಿಪಾಲರ ಕೈಗೆ ಕೊಟ್ಟೆ.

ಮುಂದಿನ ವಾರ ಅವನನ್ನು ಕೈಯಾರೆ ಹಿಡಿಯಬೇಕೆಂದು ಬೆಳಿಗ್ಗೆ ಎಂಟಕ್ಕೇ ಹೋದೆ. ವರಾಂಡದ ಬಿಸಿಲಿನಲ್ಲಿ ಟ್ರೇಗಳು ಸಾಲಾಗಿದ್ದವು. ಅವನು ಕುಕ್ಕರಗಾಲಲ್ಲಿ ಕೂತು ಬಟಾಣಿಗೆ ನೀರು ಚಿಮುಕಿಸುತ್ತಿದ್ದ. ನನ್ನನ್ನು ಕಂಡು ಗಾಬರಿಯಾಗಲೂ ಇಲ್ಲ.

"ಬರ್ರಿ ಮೇಡಂ. ಕತ್ತಲಾಗ ಇಟ್ರ ಪೈರು ಬಿಳುಚ್ತೈತ್ರಿ. ನಮ್ಮ ಕಡಿ ಮೊಳಕಿ ಒಡದ ಭತ್ತದ ಮ್ಯಾಲಿನ ಗೋಣಿ ತಗದು ಬಿಸಿಲಿಗಿ ಬಿಡ್ತೀವ್ರಿ. ನೀವು ಬಟ್ಟಿ ತಗಿಯೋದು ಮರ್ತು ಹೋಗ್ತೀರಿ ಅಂತ ನಾನ ದಿನಾ ತಗೀತಿದ್ದೆ."

ನಾನು ಬರುವ ಹೊತ್ತಿಗೆ ನೀನು ಮತ್ತೆ ಯಾಕೆ ಮುಚ್ಚುತ್ತಿದ್ದೆ ಎಂದು ಗದರಿದೆ. ಮರೆತಿರೆಂದು ನಿಮ್ಮ ಮುಖಕ್ಕೇ ತೋರಿಸಿಕೊಟ್ಟಂತಾಗಬಾರದು ಎಂದ. ಸಿಟ್ಟಿನಲ್ಲೇ ಪಿಷ್ಟದ ಕಥೆಯೆಲ್ಲ ಹೇಳಿದೆ. ಅವನು ಪೂರ್ತಿ ಕೇಳಿಸಿಕೊಂಡ.

"ಇದನ್ನ ಮೊದಲ ಒಂದು ಮಾತು ಹೇಳಿದ್ರ ನಾ ಮುಟ್ತಿದ್ದಿಲ್ರಿ."

ಅಟೆಂಡರನಿಗೆ ಇದೆಲ್ಲ ಏನು ತಿಳಿಯುತ್ತದೆ ಎಂದು ನಾನು ಹೇಳಿರಲಿಲ್ಲ, ಅಷ್ಟೇ. ಪ್ರಿನ್ಸಿಪಾಲರ ಕೋಣೆಗೆ ಓಡಿದೆ. ಪತ್ರ ಆಗಲೇ ಮೇಲಿನ ಆಫೀಸಿಗೆ ಹೋಗಿಬಿಟ್ಟಿತ್ತು. ಅಲ್ಲೇ ಕೂತು, ತಪ್ಪು ನನ್ನದೇ ಎಂದು ಇನ್ನೊಂದು ಬರೆದು ಕಳಿಸಿದೆ. ಒಂದೇ ವಾರದಲ್ಲಿ ಮೇಡಮ್ಮನವರ ಮನಸ್ಸು ಬದಲಾಗಬೇಕಾದರೆ ಇವನು ಯಾರ ಕೈಕಾಲು ಹಿಡಿದನೋ ಎಂದು ಅಲ್ಲಿಯವರು ನಕ್ಕರಂತೆ. ಮೊದಲನೆಯ ಪತ್ರವನ್ನು ಓದಿದ ಕೂಡಲೇ ನಂಬಿದವರು ಎರಡನೆಯದನ್ನು ನಂಬಲೇ ಇಲ್ಲ. ಕೆಲಸ ಬೇರೆಯವನಿಗೆ ಹೋಯಿತು.

ಅಷ್ಟರಲ್ಲಿ ನನ್ನ ಪ್ರಯೋಗ ಸರಿಹೋಗಿತ್ತು. ಹಳದಿ ಇಳಿಯದೆ ನಿಂತಿತು, ಮೂರು ಸಲ. ಗೈಡಿಗೆ ಕಾಗದ ಬರೆಯಲು ಕೂತರೆ ಕೈ ಏಳಲಿಲ್ಲ. ನನ್ನ ಮೇಲೆ ನನಗೇ ಹೇಸಿಗೆಯಾಗಿತ್ತು.

ಕೊನೆಯ ದಿನ ಅವನು ಊರಿಗೆ ಹೋಗುವ ಕುರುಗೋಡಿನ ಬಸ್ಸಿನ ಅವಸರದಲ್ಲಿದ್ದ. ಬೀಗದ ಕೈ ಮೇಜಿನ ಮೇಲಿಟ್ಟ. ನಾನು ರಿಜಿಸ್ಟರ್ ತಿರುವಿ ಹಾಕುತ್ತ ಕೂತಿದ್ದೆ. ಅವನೇ ಹೇಳಿದ:

"ಹೊಸಬಗ ಕೆಲಸ ಎಲ್ಲಾ ತೋರ್ಸೀನ್ರಿ ಮೇಡಂ. ಟ್ರೇ ಯಾಕ ಮುಚ್ಚಿಡಬೇಕು ಅನ್ನೋದನ್ನೂ ಹೇಳೀನಿ."