ಪತ್ರೆ ಗಿಡ ಹುಡುಕಿದ ಭಾನುವಾರಗಳು

ಮಾಗಿಯ ಕಾಡಿನಲ್ಲಿ ಮರ ಗುರುತಿಸುವುದು ನನ್ನಂಥವಳ ಕೆಲಸವಲ್ಲ. ಎಲೆ ಇದ್ದರೆ ಹೊಂಗೆ, ಬೇವು, ಬಾಗೆ ಎಂದು ಹೇಗೋ ಹೇಳಿಯೇನು. ಎಲೆ ಉದುರಿತೆಂದರೆ ನನಗೆ ಎಲ್ಲವೂ ಒಣ ಸೌದೆ. ಆದರೂ ಈ ಸಲ ಶಿವರಾತ್ರಿಗೆ ಮುಂಚೆ ನಾಲ್ಕು ಭಾನುವಾರ ಕೊಳ್ಳೇಗಾಲದಲ್ಲಿ ಬಸ್ಸು ಹತ್ತಿ, ಯಳಂದೂರಿನಲ್ಲಿ ಇಳಿದು, ಆಟೋ ಹಿಡಿದು ಬಿಳಿಗಿರಿರಂಗನ ಬೆಟ್ಟದ ಬುಡಕ್ಕೆ ಹೋದೆ. ವಾರವೆಲ್ಲಾ ಕಚೇರಿಯ ಫೈಲುಗಳ ಜೊತೆ ಹೆಣಗಿ, ಇರುವ ಒಂದು ರಜೆಯಲ್ಲಿ ಮಂಡಿನೋವು ಕಟ್ಟಿಕೊಂಡು ಮುಳ್ಳಿನಲ್ಲಿ ನುಗ್ಗುವ ಹೆಂಗಸನ್ನು ಆಟೋದವನು ಏನೆಂದುಕೊಂಡನೋ.

ಅದು ಕಾಡಲ್ಲ, ನಮ್ಮಪ್ಪನ ಹೊಲ. ರಾಗಿ, ಅವರೆ, ಹುರುಳಿ ಬೆಳೆಯುತ್ತಿದ್ದ ನೆಲ. ಹಂದಿ ಮತ್ತು ಆನೆಗಳ ಜೊತೆ ಅಪ್ಪ ಇರುವಷ್ಟು ದಿನ ಗುದ್ದಾಡಿದ. ಅವನು ಹೋದ ಮೇಲೆ ಯಾರೂ ಅಲ್ಲಿ ನೇಗಿಲು ಇಳಿಸಲಿಲ್ಲ. ಇಪ್ಪತ್ತು ವರ್ಷದಲ್ಲಿ ಲಂಟಾನ ಬಂತು, ಲಂಟಾನದ ನಡುವೆ ಮರಗಳು ಬಂದವು. ನಡೆಯುವಾಗ ಆಗಾಗ ಕಾಲು ಹಳೆಯ ಬದುವಿಗೆ ಎಡವುತ್ತದೆ. ಹೊಲವಿತ್ತು ಎನ್ನುವುದಕ್ಕೆ ಉಳಿದಿರುವುದು ಅಷ್ಟೇ.

ಮೂವತ್ತೆರಡು ವರ್ಷದ ಹಿಂದೆ ಮೊದಲ ಹೆರಿಗೆಗೆ ತವರಿಗೆ ಬಂದಿದ್ದೆ. ಹೆಣ್ಣುಮಗು. ಒಂಬತ್ತು ದಿನ ಇತ್ತು, ಹೆಸರಿಡುವ ಮುಂಚೆಯೇ ಹೋಯಿತು. ನಮ್ಮಲ್ಲಿ ಸತ್ತವರನ್ನು ಸ್ವಂತ ಹೊಲದಲ್ಲೇ ಮಣ್ಣು ಮಾಡುತ್ತಾರೆ. ದೊಡ್ಡವರಿಗಾದರೆ ಗದ್ದುಗೆ ಕಟ್ಟುತ್ತಾರೆ, ಹಸುಗೂಸಿಗೆ ಏನೂ ಇಲ್ಲ. ಬಾಣಂತಿಯನ್ನು ಕರೆದುಕೊಂಡು ಹೋಗುವ ಮಾತಂತೂ ಇಲ್ಲವೇ ಇಲ್ಲ. ಅಪ್ಪ ಒಬ್ಬನೇ ಎತ್ತಿಕೊಂಡು ಹೋದ. ಬಂದು ಕಾಲು ತೊಳೆದುಕೊಂಡು ಬಾಗಿಲಾಚೆಯಿಂದಲೇ, "ತಲೆ ದೆಸೇಲಿ ಪತ್ರೆ ಗಿಡ ನೆಟ್ಟಿವ್ನಿ ಕಣವ್ವ" ಅಂದ. ಶಿವನಿಗೆ ಏರಿಸುವ ಬಿಲ್ವಪತ್ರೆ. ಆಮೇಲೆ ಅವನೂ ಆ ಮಾತು ಎತ್ತಲಿಲ್ಲ, ನಾನೂ ಕೇಳಲಿಲ್ಲ. ಇಬ್ಬರು ಗಂಡುಮಕ್ಕಳಾದರು, ಕೆಲಸ ಸಿಕ್ಕಿತು, ಮರೆತೆ ಅಂತಲೇ ಅಂದುಕೊಂಡಿದ್ದೆ.

ಈಗ ನನ್ನ ತಮ್ಮ ಆ ಹೊಲ ಮಾರಲು ಹೊರಟಿದ್ದಾನೆ. ಅವನದೇನೂ ತಪ್ಪಿಲ್ಲ, ಉಳಲಾಗದ ನೆಲ ಇಟ್ಟುಕೊಂಡು ಏನು ಮಾಡಬೇಕು? ಕೊಳ್ಳುವವರು ಜೆಸಿಬಿ ತಂದು ಎಲ್ಲವನ್ನೂ ಸವರಿ ಬೇಲಿ ಹಾಕುತ್ತಾರಂತೆ. ಕ್ರಯಪತ್ರಕ್ಕೆ ನನ್ನ ರುಜುವೂ ಬೇಕು. ಮಗು ಇರುವ ಜಾಗ ತೋರಿಸು, ಒಂದು ಹಿಡಿ ಮಣ್ಣು ತೆಗೆದುಕೊಂಡು ರುಜು ಹಾಕುತ್ತೇನೆ ಎಂದೆ. ಅವನಿಗೆ ಜಾಗ ಗೊತ್ತಿರಲಿಲ್ಲ. ನೀನೇ ಹುಡುಕಿಕೋ ಅಕ್ಕ, ಅಲ್ಲಿಯವರೆಗೂ ಕಾಯುತ್ತೇನೆ ಎಂದ. ನಿಜ ಹೇಳುತ್ತೇನೆ, ಸಿಗದಿದ್ದರೆ ಸಾಕು ಅಂತಲೇ ನನಗೆ ಒಳಗೊಳಗೆ ಆಸೆಯಿತ್ತು. ಹುಡುಕಿದೆ, ಸಿಗಲಿಲ್ಲ ಎಂದು ಹೇಳಿ ರುಜು ಹಾಕಿ ಕೈತೊಳೆದುಕೊಂಡುಬಿಡಬಹುದಿತ್ತು. ಅಷ್ಟು ಸಾಕಾಗಿತ್ತು ನನಗೆ.

ಜೊತೆಗೆ ಬರುತ್ತಿದ್ದವರು ಬೆಟ್ಟದ ಮೇಲಿನ ಪೋಡಿನ, ಅಂದರೆ ಕಾಡಿನ ಹಾಡಿಯ, ಸೋಲಿಗರೊಬ್ಬರು, ಅರಣ್ಯ ಇಲಾಖೆಯಲ್ಲಿ ವಾಚರ್ ಆಗಿದ್ದು ನಿವೃತ್ತರಾದವರು. ನಾನು ಅಣ್ಣ ಎನ್ನುತ್ತಿದ್ದೆ. ನಾನು ತಲೆಯೆತ್ತಿ ಕೊಂಬೆ ನೋಡಿದರೆ ಅವರು ಬೊಡ್ಡೆಯನ್ನೇ ನೋಡುತ್ತಿದ್ದರು. ಕೆರೆಯ ತಳ ಒಣಗಿ ಬಿರಿದ ಹಾಗೆ ತೊಗಟೆ ಇದ್ದರೆ ಮತ್ತಿ. ಬೆಳ್ಳಗೆ ನುಣ್ಣಗಿದ್ದರೆ ದಿಂಡಿಗ. ಗೀರಿದಾಗ ಕೆಂಪು ಒಸರಿದರೆ ಹೊನ್ನೆ. ಹೇಳಿಕೊಟ್ಟು ಮುಂದಿನ ಮರದಲ್ಲಿ ನನ್ನನ್ನೇ ಕೇಳುತ್ತಿದ್ದರು. ತಪ್ಪು ಹೇಳಿದರೆ, ಆಫೀಸಿನಲ್ಲೂ ಹಿಂಗೇಯಾ ಬರೆಯೋದು ಎಂದು ಛೇಡಿಸುತ್ತಿದ್ದರು. ಪತ್ರೆಗಾದರೆ ಉದ್ದನೆಯ ನೆಟ್ಟಗಿನ ಮುಳ್ಳು, ಬೂದಿ ಬಣ್ಣದ ತೊಗಟೆ. ಮೂವತ್ತೆರಡು ವರ್ಷದ ಮರ ಎಂದಮೇಲೆ ತಬ್ಬುವಷ್ಟು ದಪ್ಪ ಇರಬೇಕೆಂದು ನಾನು ದಪ್ಪ ಬೊಡ್ಡೆಗಳನ್ನೇ ಹುಡುಕಿಸಿದೆ. ಮೂರು ಭಾನುವಾರ ಹಾಗೆಯೇ ಕಳೆದವು.

ನಾಲ್ಕನೆಯ ಭಾನುವಾರ ಹೊಲದ ಮಧ್ಯದಲ್ಲಿ ಒಂದು ಪೊದೆ ಅಡ್ಡ ಬಂತು. ಸುತ್ತು ಹಾಕಿ ಹೋಗೋಣ ಎಂದೆ. ಅಣ್ಣ ನಿಂತರು. ಒಂದು ಸಣ್ಣ ಕಾಂಡವನ್ನು ಉಗುರಿನಲ್ಲಿ ಗೀರಿ ಮೂಸಿದರು, ಪಕ್ಕದ್ದನ್ನು ಮೂಸಿದರು. ಎಲೆ ಉದುರಿಸುತ್ತಿದ್ದ ಗಿಡಗಳು, ಕೆಲವು ತೋಳಿನಷ್ಟು ದಪ್ಪ, ಕೆಲವು ಬೆರಳಿನಷ್ಟು. ಮೂವತ್ತಕ್ಕೂ ಹೆಚ್ಚೇ ಇದ್ದವು. ಎಲ್ಲವೂ ಪತ್ರೆ. ಇಷ್ಟು ಗಿಡಗಳಲ್ಲಿ ನಮ್ಮಪ್ಪ ನೆಟ್ಟದ್ದು ಯಾವುದು ಎಂದು ಕೇಳಿದೆ.

"ಅದು ಯಾವತ್ತೋ ಒಣಗೋಗಿರ್ತದೆ ಕಣವ್ವ. ಇವೆಲ್ಲಾ ಅದ್ರ ಬೇರಲ್ಲಿ ಎದ್ದವು. ನೇಗ್ಲು ತಾಕ್ದಂಗೆಲ್ಲಾ ಪತ್ರೆ ಬೇರು ಚಿಗುರ್ತದೆ. ಚಿಗುರ್ದುದ್ದ ಕಿತ್ತಾಕ್ಬೇಕು, ಇಲ್ಲಾಂದ್ರೆ ನೆಲ ಬುಟ್ಬುಡ್ಬೇಕು. ನಿಮ್ಮಪ್ಪಾರು ಕಿತ್ತಿಲ್ಲ."

ಅವರು ನೆಲ ತೋರಿಸಿದರು. ಪೊದೆಯ ಸುತ್ತ ಮಣ್ಣು ದುಂಡಗೆ ಉಬ್ಬಿತ್ತು, ಅದರಾಚೆ ಇನ್ನೊಂದು ಉಬ್ಬು, ಅದರಾಚೆ ಮತ್ತೊಂದು. ನೇಗಿಲು ತಿರುಗಿಸಿದ ಕಡೆ ಮಣ್ಣು ಬಿದ್ದು ಬಿದ್ದು ಆದದ್ದಂತೆ. ಆಗ ತಮ್ಮ ಗೊಣಗುತ್ತಿದ್ದದ್ದು ನೆನಪಾಯಿತು. ಅಪ್ಪನಿಗೆ ಅರಳುಮರಳು, ನಡುಹೊಲದಲ್ಲಿ ಮುಳ್ಳು ಬೆಳೆಸುತ್ತಾ ವರ್ಷ ವರ್ಷ ಒಂದೊಂದು ಸಾಲು ಬಿಟ್ಟುಕೊಡುತ್ತಿದ್ದಾನೆ ಎಂದು ಹಬ್ಬಕ್ಕೆ ಬಂದಾಗಲೆಲ್ಲಾ ನನ್ನ ಹತ್ತಿರ ದೂರುತ್ತಿದ್ದ. ನಾನೂ ನಕ್ಕಿದ್ದೆ. ಗೇಣು ಬದುವಿಗಾಗಿ ಪಕ್ಕದ ಹೊಲದವನ ಜೊತೆ ಮಾತು ಬಿಟ್ಟ ಮನುಷ್ಯ ನಮ್ಮಪ್ಪ. ಹತ್ತು ಹನ್ನೆರಡು ವರ್ಷ ಪ್ರತಿ ಉಳುಮೆಯಲ್ಲೂ ಎತ್ತುಗಳನ್ನು ಇನ್ನಷ್ಟು ಆಚೆಗೆ ತಿರುಗಿಸಿದ್ದ. ಮನೆಗೆ ಬಂದು ನನ್ನೊಂದಿಗೆ ಮಳೆ, ಬೆಲೆ ಎಂದು ಏನೇನೋ ಮಾತಾಡಿದ್ದ. ನನಗೆ ಅಳು ಬಂತು, ಅಳಲೂ ಸುಸ್ತಾಗಿತ್ತು.

ಅಗೆದರೆ ಹಳೆಯ ಬೊಡ್ಡೆ ಸಿಗುತ್ತದೆ, ಅಲ್ಲೇ ತಲೆಯ ಕಡೆ ಎಂದು ತಿಳಿಯುತ್ತದೆ, ಅಗೆಯಲೇ ಎಂದು ಅಣ್ಣ ಕೇಳಿದರು. ಬೇಡ ಎಂದೆ. ಮಣ್ಣು ತುಂಬಿಕೊಳ್ಳಲು ತಂದಿದ್ದ ಸ್ಟೀಲ್ ಡಬ್ಬಿ ಚೀಲದಲ್ಲೇ ಉಳಿಯಿತು.

ಯಳಂದೂರಿನ ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದಾಗ ತಮ್ಮ ಫೋನು ಮಾಡಿದ. ಸಿಕ್ಕಿತೇ ಎಂದು ಕೇಳಿದ. ಸಿಕ್ಕಿತು ಎಂದೆ. ಸದ್ಯ ಎಂದು ಉಸಿರು ಬಿಟ್ಟು, ಹಾಗಾದರೆ ಸೋಮವಾರವೇ ಬಂದು ರುಜು ಹಾಕಿಬಿಡು ಎಂದ.

"ಇಲ್ಲ ಕಣಪ್ಪ. ಹಾಕಕ್ಕಾಗಲ್ಲ."

ಸಿಕ್ಕರೆ ಹಾಕುತ್ತೇನೆ ಎಂದವಳು ನೀನೇ ಅಲ್ಲವೇ ಎಂದ. ನಾನೇ. ಸಿಗುವುದಿಲ್ಲ ಎಂದುಕೊಂಡು ಕೊಟ್ಟ ಮಾತು ಅದು ಎಂದು ಯಾವ ಬಾಯಲ್ಲಿ ಹೇಳಲಿ?

"ಮಾತು ತಪ್ಪಿವ್ನಿ. ಬೈಯಿ" ಅಂದೆ.

ಅವನು ಬೈದ. ಕೊಳ್ಳೇಗಾಲದ ಬಸ್ಸು ಬಂದು, ನಿಂತು, ಹೋಯಿತು. ನಾನು ಅಲ್ಲೇ ಕೂತು ಪೂರ್ತಿ ಕೇಳಿಸಿಕೊಂಡೆ.